ಸೀರೆಸೀಮಾ ಮೀಮಾಂಸೆ

ಹಳೆಯ ಹೆಂಚಿನ ಮನೆಯ ಮಗ್ಗುಲಲ್ಲಿ ನಾಲ್ಕು ಮಹಡಿಯ ಹೊಸ ಮನೆ ಎದ್ದು ನಿಂತಾಗ ಎರಡರ ನಡುವಿನ ಗಡಿ ಯಾವುದು ಎಂಬ ಪ್ರಶ್ನೆಗೆ ಬೆಂಗಳೂರಿನ ವಕೀಲರು, ಮೇಸ್ತ್ರಿಗಳು, ವಾಸ್ತುಪಂಡಿತರು ಇಲ್ಲಿಯವರೆಗೆ ಹೇಳಿದ್ದೆಲ್ಲ ಪೂರ್ವಪಕ್ಷ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸ್ವತ್ತು ಎಂದಿರುತ್ತದೆಯೇ ಹೊರತು ಮೇಲಕ್ಕೆ ಯಾರು ಎಂದು ಇರುವುದಿಲ್ಲ. ಶಾಸನ ಕೆತ್ತಿಸಿದವರೂ ದಿಕ್ಕುಗಳನ್ನು ನೆಲದ ಮಟ್ಟಕ್ಕೇ ನಿಲ್ಲಿಸಿದರು. ವಿಜಯನಗರ ಕಾಲದ ದತ್ತಿಭೂಮಿಗಳ ಅಂಚಿನಲ್ಲಿ ವಾಮನಮುದ್ರೆಯ ಕಲ್ಲುಗಳು ಸಿಗುತ್ತವೆ. ಮೂರಡಿ ಜಾಗ ಕೇಳಿ ಆಕಾಶ ಮುಟ್ಟಿದವನನ್ನೇ ಗಡಿಕಾವಲಿಗೆ ನಿಲ್ಲಿಸಿದ್ದನ್ನು ನೋಡಿದರೆ ಬಿಲ್ಡರುಗಳ ಸ್ವಭಾವ ಅಂದಿನವರಿಗೆ ಗೊತ್ತಿತ್ತೆಂದೇ ಹೇಳಬೇಕು. ಭೂಮಿ ಕಸಿದವನು 60,000 ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆಂದು ಶಾಸನಗಳು ಶಪಿಸುತ್ತವೆ. ಇಣುಕಿದವನು ಏನಾಗಿ ಹುಟ್ಟುತ್ತಾನೋ ಕೆತ್ತಿಲ್ಲ. ಕಣ್ಣಿನ ಒತ್ತುವರಿ ಮಹಡಿಯ ಜೊತೆ ಹುಟ್ಟಿದ ಪಾಪ. ಅದಕ್ಕೆ ಪರಿಹಾರ ಕಾಂಪೌಂಡೂ ಅಲ್ಲ, ಸೆಟ್‌ಬ್ಯಾಕೂ ಅಲ್ಲ, ಬಟ್ಟೆ ಒಣಹಾಕುವ ಹಗ್ಗ ಎಂಬುದೇ ಈ ಪ್ರಬಂಧದ ಸಿದ್ಧಾಂತ.

ಕಾನೂನು ಇಲ್ಲವೆ ಎಂದರೆ, ಬೇಕಾದಷ್ಟಿದೆ. 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಮಿನ ಪ್ರಕಾರ 20 ವರ್ಷ ತಂಟೆತಕರಾರಿಲ್ಲದೆ ಅನುಭವಿಸಿದ ಗಾಳಿ ಬೆಳಕಿನ ಮೇಲೆ ಮನೆಗೆ ಹಕ್ಕು ಹುಟ್ಟುತ್ತದೆ. 18ನೇ ಕಲಮು ಇನ್ನೂ ರಸವತ್ತಾದದ್ದು. ನೆರೆಯವರ ಏಕಾಂತಕ್ಕೆ ಭಂಗ ತರುವಂಥ ಹೊಸ ಕಿಟಕಿ ತೆರೆಯಬಾರದೆಂಬ ರೂಢಿ ಯಾವುದಾದರೂ ಪಟ್ಟಣದಲ್ಲಿದ್ದರೆ ಆ ರೂಢಿಯೇ ಹಕ್ಕಾಗುತ್ತದೆಂದು ಅಲ್ಲಿ ಉದಾಹರಣೆ ಸಮೇತ ಹೇಳಿದೆ. ಈ ಕಾಯ್ದೆ ಮೊದಲು ಜಾರಿಯಾದದ್ದು ಮದ್ರಾಸು ಪ್ರಾಂತ, ಮಧ್ಯ ಪ್ರಾಂತಗಳ ಜೊತೆಗೆ ಕೊಡಗಿನಲ್ಲಿ, ಎಂದರೆ ನೆರೆಮನೆ ಕಾಣಬೇಕಾದರೆ ತೋಟವೊಂದನ್ನು ದಾಟಬೇಕಾದ ಸೀಮೆಯಲ್ಲಿ. ಬೆಂಗಳೂರಿನಲ್ಲಿ ಅಂಥ ರೂಢಿಯನ್ನು ಸಾಬೀತು ಮಾಡಹೊರಟವನು ಸೋಲುವುದು ಖಚಿತ. ಇಲ್ಲಿಯ ರೂಢಿ ತದ್ವಿರುದ್ಧ. ಇನ್ನು ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪು ಮುಖ್ಯವಾಗಿ ಸರ್ಕಾರದ ಕಣ್ಣನ್ನು ಕುರಿತದ್ದು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತ ಅಜ್ಜಿ ಸರ್ಕಾರದ ವ್ಯಾಖ್ಯೆಯೊಳಗೆ ಬರುವುದಿಲ್ಲ, ಅವರಿಗೆ ಸರ್ಕಾರಕ್ಕಿಂತ ಹೆಚ್ಚು ಮಾಹಿತಿ ಇದ್ದರೂ.

ಹಗ್ಗದ ಪರವಾದ ಸಾಕ್ಷ್ಯ ಗಣಿತದ್ದು. ಮೂವತ್ತು ನಲವತ್ತರ ಸೈಟಿನ ಉದ್ದದ ಮಗ್ಗುಲು 40 ಅಡಿ, ಎಂದರೆ 12.19 ಮೀಟರ್. ಸೀರೆಯೊಂದರ ಉದ್ದ ಸುಮಾರು 5.5 ಮೀಟರ್; ಎರಡು ಸೀರೆಗೆ 11 ಮೀಟರ್ ಆಯಿತು. ಅದಕ್ಕೆ ನಾಲ್ಕು ಮೊಳದ ಪಂಚೆಯೊಂದನ್ನು, ಮೊಳಕ್ಕೆ ಒಂದೂವರೆ ಅಡಿಯಂತೆ, ಸೇರಿಸಿದರೆ 12.83 ಮೀಟರ್. ಸೈಟಿನ ಇಡೀ ಪಕ್ಕ ಮುಚ್ಚಿ 64 ಸೆಂಟಿಮೀಟರ್ ಉಳಿಯುತ್ತದೆ. ಒಬ್ಬ ಗಂಡ, ಒಬ್ಬ ಹೆಂಡತಿ, ಎರಡು ದಿನದ ಒಗೆತ, ಒಂದು ಸೈಟು: ಈ ಹೊಂದಾಣಿಕೆ ಆಕಸ್ಮಿಕವಾಗಿರಲು ಸಾಧ್ಯವಿಲ್ಲ. ಸೈಟಿನ ಅಳತೆ ಗೊತ್ತುಮಾಡಿದವರು ಮೊದಲು ನೇಕಾರರನ್ನು ವಿಚಾರಿಸಿರಬೇಕೆಂಬುದು ಈ ಲೇಖಕನ ಊಹೆ. ಕಡತಗಳು ಅದನ್ನು ಸಮರ್ಥಿಸದಿರುವುದು ಕಡತಗಳ ದೋಷ.

ಒದ್ದೆ ಬಟ್ಟೆ ಒಣಬಟ್ಟೆಗಿಂತ ಹೆಚ್ಚು ಪಾರದರ್ಶಕ, ನೂಲಿನ ಸಂದುಗಳಲ್ಲಿ ನೀರು ತುಂಬಿದಾಗ ಬೆಳಕು ಚದುರುವುದು ಕಡಿಮೆಯಾಗುತ್ತದೆ ಎಂದು ಭೌತವಿಜ್ಞಾನಿಗಳು ಆಕ್ಷೇಪಿಸುತ್ತಾರೆ. ನಿಜ. ಆದರೆ ಹಗ್ಗದ ಮೇಲೆ ಹಾಕಿದ ಬಟ್ಟೆ ಎರಡು ಮಡಿಕೆಯಾಗುತ್ತದೆಂಬುದು ಅವರಿಗೆ ಹೊಳೆಯುವುದಿಲ್ಲ. ಒಗೆತ ಬೇರೆಯವರ ಪಾಲಾಗಿರುವುದರ ಲಕ್ಷಣವಿದು. ನೈಯಾಯಿಕರ ಆಕ್ಷೇಪ ಇದಕ್ಕಿಂತ ಗಟ್ಟಿ. ಸೀರೆ ತಡೆಯುವುದು ಪ್ರತ್ಯಕ್ಷವನ್ನು ಮಾತ್ರ, ಮಿಕ್ಕ ಪ್ರಮಾಣಗಳ ಗತಿಯೇನು? ಹೊಗೆ ಕಂಡಲ್ಲಿ ಬೆಂಕಿ ಎಂಬಂತೆ ಇಂಗಿನ ಒಗ್ಗರಣೆ ಮೂಗಿಗೆ ಬಡಿದಲ್ಲಿ ಸಾರು ಎಂಬ ಅನುಮಾನ ಉಂಟಾಗುತ್ತದೆ. ಕುಕ್ಕರು ಆರು ಸಲ ಕೂಗಿದರೆ ನೆಂಟರು ಬಂದಿದ್ದಾರೆಂಬುದಕ್ಕೆ ಅದೇ ಶಬ್ದಪ್ರಮಾಣ. ಒಪ್ಪಬೇಕಾದ ಮಾತೇ. ಆದರೆ ನೆರೆಹೊರೆಯಲ್ಲಿ ಪ್ರತ್ಯಕ್ಷವಿಲ್ಲದೆಯೂ ಅನುಮಾನ ತಾನೇ ತಾನಾಗಿ ಬೆಳೆಯುವುದರಿಂದ ಅದನ್ನು ಯಾವ ಗೋಡೆಯೂ ತಡೆದದ್ದಿಲ್ಲ. ಸೀರೆಯೊಂದನ್ನೇ ದೂರುವುದು ತರವಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಕೂಡದೆಂದು ಅಪಾರ್ಟ್‌ಮೆಂಟ್ ಸಂಘಗಳು ಹಾಕುವ ನಿಯಮವನ್ನು ಮಾತ್ರ ಈ ಲೇಖಕ ಗಡಿಕಲ್ಲು ಕೀಳುವ ಕೃತ್ಯವೆಂದೇ ಎಣಿಸುತ್ತಾನೆ. ಅಂಥ ಸಂಘಗಳ ಪದಾಧಿಕಾರಿಗಳಿಗೂ ಮೇಲೆ ಹೇಳಿದ 60,000 ವರ್ಷ ಅನ್ವಯಿಸುತ್ತದೆ. ಹೀಗೆ ಸಿದ್ಧಾಂತ ಸರ್ವಾಂಗಪರಿಪೂರ್ಣ. ಹಗ್ಗದ ಎರಡನೇ ಮೊಳೆಯನ್ನು ಯಾರ ಗೋಡೆಗೆ ಹೊಡೆಯಬೇಕೆಂಬುದರ ಬಗ್ಗೆ ಮಾತ್ರ 1882ರ ಕಾಯ್ದೆಯಲ್ಲಿ ಒಂದಕ್ಷರವೂ ಇಲ್ಲ.