ಎಷ್ಟ್ ಕೊಡ್ತದ್ರಿ, ಸಾಹೇಬ್ರ?

ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿಯ ಕಸುಬು ಕಾರ್ಖಾನೆಗಳಿಗೆ ಶಂಟಿಂಗ್ ಎಂಜಿನ್ ಮಾಡಿಕೊಡುವುದು. ವ್ಯಾಗನ್ನುಗಳನ್ನು ಹಿಂದಕ್ಕೂ ಮುಂದಕ್ಕೂ ದಬ್ಬುತ್ತ ಯಾರ್ಡಿನಲ್ಲೇ ಆಯುಷ್ಯ ಕಳೆಯುವ, ಅವಸರವೆಂದರೇನು ಎಂದು ಕೇಳುವ ಜಾತಿಯ ಎಂಜಿನ್ನುಗಳು. ಅದೇ ಮನೆತನದಿಂದ 1990ರ ದಶಕದ ಕೊನೆಗೆ ಒಂದು ಸ್ಪೋರ್ಟ್ಸ್ ಕಾರು ಹೊರಬಿತ್ತು. ಹೆಸರು ಸ್ಯಾನ್ ಸ್ಟಾರ್ಮ್. ತಯಾರಾದದ್ದು ಗೋವಾದಲ್ಲಿ, ಸೀಟು ಎರಡೇ, ಮೈಯೆಲ್ಲ ಫೈಬರ್, ಬೇಕಾದರೆ ಚಾವಣಿ ತೆಗೆದಿಡಬಹುದು. ಬಾನೆಟ್ಟಿನ ಕೆಳಗೆ ಮಾತ್ರ ರೆನೊ ಕಂಪನಿ ತನ್ನ ಪುಟ್ಟ ಕಾರುಗಳಿಗೆ ಹಾಕುತ್ತಿದ್ದ 1149 ಸಿಸಿ ಎಂಜಿನ್ನು. ಶಕ್ತಿ 60 ಅಶ್ವಶಕ್ತಿಯ ಆಸುಪಾಸು. ಇವತ್ತು ಸಂತೆಗೆ ಹೋಗಿಬರುವ ಸಾದಾ ಕಾರಿಗೂ ಇದಕ್ಕಿಂತ ಹೆಚ್ಚು ಕುದುರೆಗಳಿರುತ್ತವೆ. ನೋಡುವವರ ಕಣ್ಣಿಗೆ ರೇಸು, ಓಡಿಸುವವರ ಜೇಬಿಗೆ ಸಂಸಾರ. ಹಗುರ ಮೈ, ಸಣ್ಣ ಎಂಜಿನ್ನು, ತಗ್ಗಿದ ಎತ್ತರ: ಸ್ಪೋರ್ಟ್ಸ್ ಕಾರಿನಿಂದ ಮೈಲೇಜ್ ತೆಗೆಯುವ ಸೂತ್ರವನ್ನು ಕನ್ನಡನಾಡಿನ ಒಂದು ರೈಲು ಎಂಜಿನ್ ಕಂಪನಿ ಕಾಲು ಶತಮಾನದ ಹಿಂದೆಯೇ ಬರೆದಿಟ್ಟಿತ್ತು. ಓದಿದವರು ಕಡಿಮೆ.

ಓದದೇ ಹೋದವರಲ್ಲಿ ವಾಡಿಯ ಸಾಹೇಬರೂ ಒಬ್ಬರು.

ವಾಡಿ ಎಂದರೆ ಬಹುಪಾಲು ಕನ್ನಡಿಗರಿಗೆ ಅರ್ಧ ನಿದ್ದೆಯಲ್ಲಿ ಕಿಟಕಿಯಿಂದ ಕಂಡ ಜಂಕ್ಷನ್ನು. ಮುಂಬೈ–ಚೆನ್ನೈ ಹಳಿಯಿಂದ ಸಿಕಂದರಾಬಾದಿನ ಹಳಿ ಕವಲೊಡೆದದ್ದು ಇಲ್ಲಿಯೇ, 1874ರಲ್ಲಿ, ನಿಜಾಮರ ಕಾಲಕ್ಕೆ. ಊರಿಗೆ ಎರಡನೆಯ ಹೆಸರು ತಂದದ್ದು ಎಸಿಸಿ ಸಿಮೆಂಟು. ಸುತ್ತಲಿನ ನೆಲವೆಲ್ಲ ಸುಣ್ಣದ ಕಲ್ಲು; ಹಾಗಾಗಿ ಶಹಾಬಾದದಲ್ಲಿ ಫರಸಿ, ಮಳಖೇಡ ಮತ್ತು ಸೇಡಂನಲ್ಲಿ ಸಿಮೆಂಟು, ಎಲ್ಲದರ ನಡುವೆ ಲಾರಿ. ಸಾಹೇಬರು ಇಂಥದೊಂದು ಕಾರ್ಖಾನೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರು, ಮನೆ ಕಲಬುರಗಿಯಲ್ಲಿ. ಒಂದು ಮಗ್ಗುಲಿಗೆ ನಲವತ್ತು ಕಿಲೋಮೀಟರಿನಷ್ಟು ದಾರಿ. ಸಹೋದ್ಯೋಗಿಗಳು ಪಾಸು ಮಾಡಿಸಿಕೊಂಡು ರೈಲಿಗೆ ಬರುತ್ತಾರೆ. ಸಾಹೇಬರು ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದ, ಎರಡು ಸೀಟಿನ, ಟೊಮೆಟೊ ಬಣ್ಣದ ಜರ್ಮನ್ ಗಾಡಿಯಲ್ಲಿ ಬರುತ್ತಾರೆ. ಗಾಡಿ ತಂದದ್ದು ಅವರ ಹರೆಯದ ಆಸೆ. ಪೆಟ್ರೋಲ್ ಹಾಕಿಸುವುದು ಈಗಿನ ಸಂಬಳ.

ಕಲಬುರಗಿ ಸೀಮೆಯಲ್ಲಿ ಗಾಡಿಯ ಬೆಲೆ ಕೇಳುವುದು ಎರಡನೆಯ ಪ್ರಶ್ನೆ. ಮೊದಲನೆಯದು, “ಎಷ್ಟ್ ಕೊಡ್ತದ್ರಿ?” ಗೇಟಿನ ವಾಚ್‌ಮನ್ ಕೇಳಿದ, ಚಹಾದಂಗಡಿಯವ ಕೇಳಿದ, ಗಾಡಿಗೆ ಪೂಜೆ ಮಾಡಿ ನಿಂಬೆಹಣ್ಣು ಇಟ್ಟ ಅಯ್ಯನವರೂ ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಕೇಳಿದರು. ಮೊದಮೊದಲು ಸಾಹೇಬರು ಖರೇ ಉತ್ತರ ಕೊಟ್ಟರು: “ಒಂಬತ್ತು.” ಅದಕ್ಕೆ ಎದುರಿನವರ ಮುಖದಲ್ಲಿ ಮೂಡುತ್ತಿದ್ದದ್ದು ನಗುವಲ್ಲ, ಅನುಕಂಪ. ಸ್ಪ್ಲೆಂಡರ್ ಒರಗಿಸಿಕೊಂಡು ನಿಂತ ಹುಡುಗನೊಬ್ಬ, “ನಮ್ದು ಅರವತ್ತರ ಮ್ಯಾಗ್ ಕೊಡ್ತದ್ರಿ, ಮೂರ್ ಮಂದಿ ಕುಂತ್ರೂ” ಎಂದ ದಿನ ಸಾಹೇಬರ ಎಂಜಿನಿಯರಿಂಗ್ ಪದವಿ ಎಚ್ಚರಗೊಂಡಿತು.

ಪುಸ್ತಕದ ಲೆಕ್ಕದಲ್ಲಿ ಸಾಹೇಬರ ಪಕ್ಷ ಬಲವಾಗಿಯೇ ಇದೆ. ದೊಡ್ಡ ಎಂಜಿನ್ನಿನ ಸ್ಪೋರ್ಟ್ಸ್ ಕಾರು ಎಂದ ಕೂಡಲೇ ಕುಡುಕ ಎಂದುಕೊಳ್ಳಬೇಕಾಗಿಲ್ಲ. ಅಮೆರಿಕದ ಷೆವರ್ಲೆ ಕಾರ್ವೆಟ್‌ನ 1997ರ ಐದನೇ ಪೀಳಿಗೆಯನ್ನೇ ನೋಡಬಹುದು. ಎಂಜಿನ್ನು 5.7 ಲೀಟರಿನದು, ಸಿಲಿಂಡರು ಎಂಟು. ಆದರೂ ಹೆದ್ದಾರಿಯಲ್ಲಿ ಅದಕ್ಕೆ ಸರ್ಕಾರಿ ಅಂಕ ಸಿಕ್ಕಿದ್ದು ಗ್ಯಾಲನ್‌ಗೆ 28 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ 12 ಕಿಲೋಮೀಟರಿನ ಸನಿಹ. ಗುಟ್ಟು ಆರನೇ ಗೇರಿನಲ್ಲಿತ್ತು. ಅದು ಎಷ್ಟು ಉದ್ದದ ಗೇರೆಂದರೆ ಗಂಟೆಗೆ ನೂರು ಕಿಲೋಮೀಟರಿನಲ್ಲಿ ಹೋಗುವಾಗಲೂ ಎಂಜಿನ್ನು ನಿಮಿಷಕ್ಕೆ 1400 ಸುತ್ತಿನ ಸುಮಾರಿಗೆ ತೂಕಡಿಸುತ್ತಿತ್ತು. ಜೊತೆಗೆ ನೆಲಕ್ಕೆ ಅಂಟಿದ ಮೈ. ಗಾಳಿಗೆ ಎದೆಯೊಡ್ಡುವ ಜಾಗವೇ ಕಡಿಮೆ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 80ರಲ್ಲಿ ಹೋಗುವವನು 110ಕ್ಕೆ ಏರಿಸಿದರೆ ತಡೆ ಹೆಚ್ಚುಕಡಿಮೆ ಇಮ್ಮಡಿ. ಈಗ ನಮ್ಮಲ್ಲೇ ಮಾರಾಟವಾಗುವ ಕೆಲವು ಜಿಟಿ ಕಾರುಗಳಂತೂ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾದ ಕೂಡಲೇ ನಾಲ್ಕರಲ್ಲಿ ಎರಡು ಸಿಲಿಂಡರಿಗೆ ರಜೆ ಕೊಟ್ಟುಬಿಡುತ್ತವೆ.

ಇಷ್ಟು ಓದಿಕೊಂಡು ಸಾಹೇಬರು, ಟಾಪ್ ಗೇರಿನಲ್ಲಿ, 75ರಲ್ಲಿ, ಕಾಲು ಅಲುಗಿಸದೆ ವಾಡಿಗೆ ಹೋಗಿಬಿಡುವುದೆಂದು ತೀರ್ಮಾನಿಸಿದರು. ತೀರ್ಮಾನ ಸರಿಯಾಗಿಯೇ ಇತ್ತು. ರಸ್ತೆಗೆ ಯಾರೂ ತಿಳಿಸಿರಲಿಲ್ಲ.

ಕಾರು ಕಂಪನಿಗಳು ಸಾರುವ ಮೈಲೇಜು ಪುಣೆಯ ಎಆರ್‌ಎಐಯಂಥ ಸಂಸ್ಥೆಗಳಲ್ಲಿ, ರೋಲರ್ ಮೇಲೆ ಚಕ್ರ ತಿರುಗಿಸಿ ಅಳೆದದ್ದು. ಆ ಪರೀಕ್ಷೆಯ ವೇಗ 90 ದಾಟುವುದಿಲ್ಲ. ಅಲ್ಲಿ ಎಮ್ಮೆ ಅಡ್ಡ ಬರುವುದಿಲ್ಲ, ಫರಸಿ ಹೇರಿದ ಟ್ರ್ಯಾಕ್ಟರು ನಡುರಸ್ತೆಯಲ್ಲಿ ತಿರುವು ತೆಗೆದುಕೊಳ್ಳುವುದಿಲ್ಲ, ಮುಖ್ಯವಾಗಿ ಹಂಪ್ ಇರುವುದಿಲ್ಲ. ರಸ್ತೆ ಹಂಪಿಗೂ ದೇಶದಲ್ಲಿ ಒಂದು ಮಾನದಂಡವಿದೆ: 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಗುಂಡಗೆ ನಯವಾಗಿ. ನಮ್ಮ ಕಡೆ ಹಂಪ್ ಹುಟ್ಟುವ ರೀತಿ ಬೇರೆ. ಊರ ಮುಂದೆ ಅಪಘಾತವಾಗುತ್ತದೆ, ಮರುದಿನ ಊರವರು ಕೂಡುತ್ತಾರೆ, ಸಂಜೆಯ ಹೊತ್ತಿಗೆ ರಸ್ತೆಗೆ ಒಂದು ಗೋಡೆ ಅಡ್ಡ ಮಲಗಿರುತ್ತದೆ. ಸಿಮೆಂಟಿಗೆ ಬರವಿಲ್ಲದ ಸೀಮೆ ಬೇರೆ.

ಸಾಹೇಬರು ಹಂಪಿನ ಖರ್ಚನ್ನು ಲೆಕ್ಕ ಹಾಕಿದ್ದಾರೆ. ಇಂಥ ಲೆಕ್ಕವನ್ನು ಎಂಜಿನಿಯರರಲ್ಲದೆ ಯಾರೂ ಹಾಕುವುದಿಲ್ಲ. 1400 ಕಿಲೋ ತೂಕದ ಗಾಡಿ 80ರ ವೇಗದಲ್ಲಿದ್ದಾಗ ಅದರ ಮೈಯಲ್ಲಿ ಸುಮಾರು 345 ಕಿಲೋಜೂಲ್ ಓಟದ ಶಕ್ತಿ ತುಂಬಿರುತ್ತದೆ. ಹಂಪಿನ ಮುಂದೆ 20ಕ್ಕೆ ಇಳಿಸಿದರೆ ಹದಿನಾರರಲ್ಲಿ ಹದಿನೈದು ಪಾಲು ಬ್ರೇಕಿನಲ್ಲಿ ಬಿಸಿಯಾಗಿ ಹೋಯಿತು. ಒಂದು ಲೀಟರ್ ಪೆಟ್ರೋಲಿನಲ್ಲಿ 34 ಮೆಗಾಜೂಲ್ ಶಕ್ತಿಯಿದ್ದರೂ ಚಕ್ರದವರೆಗೆ ತಲುಪುವುದು ಕಾಲುಭಾಗ. ಹಾಗಾಗಿ ಹಂಪ್ ದಾಟಿ ಮತ್ತೆ 80ಕ್ಕೆ ಏರಲು ಬೇಕಾಗುವುದು ಸುಮಾರು 40 ಮಿಲಿ, ಹೋಟೆಲಿನ ಸಣ್ಣ ಲೋಟದಲ್ಲಿ ಅರ್ಧ ಚಹಾದಷ್ಟು ಪೆಟ್ರೋಲು. ಲೀಟರಿಗೆ ನೂರರ ಮೇಲಿನ ದರದಲ್ಲಿ ಹಂಪೊಂದಕ್ಕೆ ನಾಲ್ಕು ರೂಪಾಯಿ. ಟೋಲ್ ಇಲ್ಲದ ರಸ್ತೆ ಎಂದು ಹಿಗ್ಗುವವರು ಈ ಲೆಕ್ಕ ಹಾಕಿರುವುದಿಲ್ಲ.

ದಾರಿ ತೋರಿಸಿದ್ದು ವಾಡಿ ಸ್ಟೇಷನ್ ಹತ್ತಿರದ ಚಹಾದಂಗಡಿಯಲ್ಲಿ ದಿನಾ ಕೂಡುವ ಒಬ್ಬ ನಿವೃತ್ತ ಲೋಕೋ ಪೈಲಟ್ಟು. ಅಂಗಡಿಯವರಿಗೆಲ್ಲ ಅವರು ಡ್ರೈವರ್ ಕಾಕಾ. ಸಾಹೇಬರು ಬರುವುದನ್ನೂ ಗಕ್ಕನೆ ಬ್ರೇಕು ಹಾಕುವುದನ್ನೂ ಕೆಲವು ದಿನ ನೋಡಿ, ಒಂದು ಬೆಳಿಗ್ಗೆ ಕರೆದು ಕೂಡಿಸಿಕೊಂಡರು. “ಸಾಹೇಬ್ರ, ನಾವು ಗೂಡ್ಸ್ ಹೊಡಿಯೋ ಮುಂದ ಗಾಡಿ ನೋಡ್ತಿದ್ದಿಲ್ಲ, ಸಿಗ್ನಲ್ ನೋಡ್ತಿದ್ವಿ. ಡಬಲ್ ಹಳದಿ ಕಂಡ್ರ ಆಗಲೇ ಕೈ ಹಗುರ. ಕೆಂಪಿನ ತನಕ ಓಡಿ ನಿಲ್ಲಿಸ್ತೀನಿ ಅಂದ್ರ ಗೂಡ್ಸ್ ನಿಂದರ್ತದೇನು?”

ಕಾಕಾನ ಮಾತಿನಲ್ಲಿ ಭೌತಶಾಸ್ತ್ರವೇ ಇತ್ತು. ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಗಾಲಿಗೆ ನೆಲದ ತಡೆ ಟೈರಿಗಾಗುವುದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಆದ್ದರಿಂದ ಸ್ಟೇಷನ್ ದೂರ ಇರುವಾಗಲೇ ಪವರ್ ತೆಗೆದು ಗಾಡಿಯನ್ನು ಅದರ ಪಾಡಿಗೆ ಉರುಳಲು ಬಿಡುವುದು ರೈಲಿನವರ ಹಳೆಯ ವಿದ್ಯೆ. ಟೈರಿನ ಗಾಡಿ ಅಷ್ಟು ದೂರ ಉರುಳಲಾರದು, ಆದರೆ ಮುಂದಿನ ಹಂಪಿನವರೆಗೆ ಉರುಳೀತು.

ಇಲ್ಲಿ ಒಂದು ಊರ ನಂಬಿಕೆ ಅಡ್ಡ ಬಂತು. ಇಳಿಜಾರು ಬಂದರೆ ನ್ಯೂಟ್ರಲ್ ಮಾಡಬೇಕು, ಪೆಟ್ರೋಲ್ ಉಳಿಯುತ್ತದೆ ಎಂದು ಹಳೆಯ ಜೀಪಿನ ಡ್ರೈವರುಗಳು ಇವತ್ತಿಗೂ ಆಣೆ ಮಾಡಿ ಹೇಳುತ್ತಾರೆ. ಕಾರ್ಬ್ಯುರೇಟರ್ ಕಾಲಕ್ಕೆ ಅದರಲ್ಲಿ ಅರ್ಥವಿತ್ತು. ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಪೂರ್ತಿ ಬಂದ್. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ನು ಆರದಿರಲೆಂದು ಪೆಟ್ರೋಲ್ ಕುಡಿಯುತ್ತದೆ, ಮೇಲಾಗಿ ಬ್ರೇಕಿಗೆ ಎಂಜಿನ್ನಿನ ಆಸರೆಯೂ ತಪ್ಪುತ್ತದೆ. ಸಾಹೇಬರು ಗೇರಿನಲ್ಲೇ ಕಾಲು ತೆಗೆಯುವುದನ್ನು ಅಭ್ಯಾಸ ಮಾಡಿದರು. ಮುಂದೆ ಸಿಮೆಂಟು ಹೊತ್ತ ಬಲ್ಕರ್ ಲಾರಿಯ ಹಿಂದಿನ ಕೆಂಪು ದೀಪ ಹತ್ತಿತೆಂದರೆ ಅದೇ ಅವರ ಡಬಲ್ ಹಳದಿ. ಹಿಂದಿನಿಂದ ಬರುವವರು ಹಾರ್ನ್ ಹೊಡೆದರು. ಇಂಥ ಗಾಡಿ ಇಟ್ಟುಕೊಂಡು ಹೀಗೆ ಹೋಗುವವನಿಗೆ ಆರೋಗ್ಯ ಸರಿಯಿಲ್ಲವೆಂದು ಒಬ್ಬ ಆಟೋದವನು ಪಕ್ಕಕ್ಕೆ ಬಂದು ವಿಚಾರಿಸಿಕೊಂಡೂ ಹೋದ.

ಬೇಸಿಗೆಯ ವಿಷಯ ಬೇರೆಯದೇ. ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 42, 43 ಮುಟ್ಟುವುದು ಸುದ್ದಿಯೇ ಅಲ್ಲ. ಕಾದ ಗಾಳಿ ತೆಳು. ಡಿಸೆಂಬರಿನ 15 ಡಿಗ್ರಿಯ ನಸುಕಿಗೆ ಹೋಲಿಸಿದರೆ ಮೇ ಮಧ್ಯಾಹ್ನದ ಗಾಳಿಯ ಸಾಂದ್ರತೆ ನೂರಕ್ಕೆ ಒಂಬತ್ತರಷ್ಟು ಕಡಿಮೆ, ಅಷ್ಟೇ ಪ್ರಮಾಣದಲ್ಲಿ ಗಾಳಿಯ ತಡೆಯೂ. ಕಲಬುರಗಿಯ ಬಿಸಿಲಿನಿಂದ ಮನುಷ್ಯನಿಗೆ ಆಗುವ ಲಾಭ ಇದೊಂದೇ ಇರಬೇಕು. ಅದನ್ನೂ ಎಸಿ ವಾಪಸು ವಸೂಲು ಮಾಡಿಕೊಳ್ಳುತ್ತದೆ. ಎಸಿ ಆರಿಸಿ ಚಾವಣಿ ತೆರೆದು ಹೋದರೆ ಗಾಡಿಯೊಳಗೆ ಗಾಳಿ ಸುಳಿಸುತ್ತಿ ತಡೆ ಹೆಚ್ಚುತ್ತದೆ, ತಲೆಯ ಮೇಲೆ ಸಿಮೆಂಟಿನ ಧೂಳು ಬೀಳುತ್ತದೆ. ಆಫೀಸು ತಲುಪುವಷ್ಟರಲ್ಲಿ ಸಾಹೇಬರಿಗೆ ನಿವೃತ್ತಿಯ ವಯಸ್ಸು ಕಾಣುತ್ತದೆ. ಹಾಗಾಗಿ ಸ್ಪೋರ್ಟ್ಸ್ ಕಾರಿನ ಆ ಪ್ರಸಿದ್ಧ ಚಾವಣಿ ತೆರೆಯುವುದು ವರ್ಷಕ್ಕೊಮ್ಮೆ, ಚಿಂಚೋಳಿ ಕಾಡಿನ ಕಡೆ ಮಳೆಗಾಲ ಮುಗಿದ ಮೇಲೆ.

ಟೈರಿನ ಗಾಳಿಯನ್ನು ನಸುಕಿನಲ್ಲೇ ನೋಡಿಸುವುದೂ ಈ ಬಿಸಿಲಿನ ಕಾರಣಕ್ಕೆ. ಹತ್ತು ಡಿಗ್ರಿ ಏರಿದರೆ ಒತ್ತಡ ಒಂದೂವರೆಯಿಂದ 2 ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಕಾದ ಟೈರಿಗೆ ಅಳತೆ ಹಿಡಿದು “ಜಾಸ್ತಿ ಅದ್ರಿ” ಎಂದು ಗಾಳಿ ಬಿಡುವವನು ಮರುದಿನ ಬೆಳಗಿನ ಮೈಲೇಜನ್ನೇ ಬಿಟ್ಟುಬಿಡುತ್ತಾನೆ. ಧೂಳು ಕುಡಿದ ಏರ್ ಫಿಲ್ಟರಿನ ಬಗ್ಗೆ ಮಾತ್ರ ಸಾಹೇಬರು ಅನಗತ್ಯವಾಗಿ ಚಿಂತೆ ಮಾಡಿದರು. ಈಗಿನ ಎಂಜಿನ್ನಿನ ಸೆನ್ಸರು ಬಂದಷ್ಟು ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತದೆ. ಹೊಡೆತ ಬೀಳುವುದು ಮೈಲೇಜಿಗಿಂತ ಹೆಚ್ಚಾಗಿ ಎಳೆತಕ್ಕೆ. ಹಿಂದಿನ ಮಾಲೀಕ ಹಾಕಿಸಿದ್ದ ರೇಸಿಂಗ್ ಫಿಲ್ಟರನ್ನು ಕಿತ್ತು ಕಂಪನಿಯದನ್ನೇ ಹಾಕಿಸಿದ್ದು ಒಳ್ಳೆಯದಾಯಿತು. ಸಿಮೆಂಟು ಊರಿನಲ್ಲಿ ಎಂಜಿನ್ನಿಗೆ ತೆರೆದ ಬಾಯಿ ಇರಬಾರದು.

ಪೆಟ್ರೋಲಿನಲ್ಲೇ ಈಗ ನೂರಕ್ಕೆ 20 ಎಥನಾಲ್. ಎಥನಾಲಿನ ಲೀಟರಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ, ಅಂದರೆ ಬಂಕಿನಲ್ಲಿ “ಝೀರೋ ನೋಡ್ರಿ” ಎಂದು ಹಾಕಿದ ಪ್ರತಿ ಲೀಟರಿನಲ್ಲಿ ನೂರಕ್ಕೆ ಆರೇಳು ಪಾಲು ಮೊದಲೇ ಖೋತಾ. ಎಥನಾಲ್ ನಮ್ಮಲ್ಲೇ ಆಗುವುದರಿಂದ ಹಣ ದೇಶದಲ್ಲೇ ಉಳಿಯಿತೆಂದು ಸಾಹೇಬರು ಸಮಾಧಾನ ಮಾಡಿಕೊಳ್ಳುತ್ತಾರೆ.

ತೊಗರಿ ರಾಶಿಯ ದಿನಗಳು ಅವರಿಗೆ ಅಗ್ನಿಪರೀಕ್ಷೆ. ಸುಗ್ಗಿಯಲ್ಲಿ ರೈತರು ತೊಗರಿ ಕಟ್ಟಿಗೆಯನ್ನು ರಸ್ತೆಯ ಮೇಲೆ ಹರಡುತ್ತಾರೆ, ಹೋಗಿಬರುವ ಗಾಡಿಗಳೇ ಕಾಳು ಬಿಡಿಸುತ್ತವೆ. ಲಾರಿ ಸಲೀಸಾಗಿ ದಾಟುತ್ತದೆ. ನೆಲಕ್ಕೆ ಗೇಣು ಅಂತರವೂ ಇಲ್ಲದ ಟೊಮೆಟೊ ಗಾಡಿ ಅರ್ಧ ರಾಶಿಯನ್ನು ಹೊಟ್ಟೆಯಡಿ ಬಾಚಿಕೊಂಡೇ ಹೋಗುತ್ತದೆ. ಕಾದ ಸೈಲೆನ್ಸರಿಗೆ ಒಣ ಕಡ್ಡಿ ಸಿಕ್ಕಿಕೊಂಡರೆ ಬೆಂಕಿಯ ಭಯ ಸುಳ್ಳಲ್ಲ. ಆದ್ದರಿಂದ ಕಾರ್ಖಾನೆಯ ಗೇಟಿನಲ್ಲಿ ಎಂಜಿನಿಯರ್ ಸಾಹೇಬರು ಇಸ್ತ್ರಿ ಅಂಗಿಯಲ್ಲೇ ಮೊಣಕಾಲೂರಿ, ಗಾಡಿಯ ಅಡಿಗೆ ಕೈ ಹಾಕಿ ತೊಗರಿ ಕಡ್ಡಿ ಎಳೆಯುವ ದೃಶ್ಯ ಜನವರಿಯಲ್ಲಿ ಅಪರೂಪವಲ್ಲ. “ಎಷ್ಟ್ ಸೇರ್ ಬಂತ್ರಿ?” ಎಂದು ವಾಚ್‌ಮನ್ ಕೇಳುತ್ತಾನೆ.

ಮೀಟಿಂಗಿಗೆಂದು ಸೇಡಂ ಕಡೆ ಹೋಗಬೇಕಾದ ದಿನ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷನ ಮಾನ್ಯಖೇಟ. ಮಳೆಗಾಲದಲ್ಲಿ ಪ್ರಯಾಣಿಕರು ಅಲ್ಲಿ ಗಾಡಿ ನಿಲ್ಲಿಸುವುದು ಇತಿಹಾಸದ ಮೇಲಿನ ಗೌರವಕ್ಕಲ್ಲ. ಕಾಗಿಣಾ ತುಂಬಿ ಸೇತುವೆಯ ಮೇಲೆ ಹರಿಯುತ್ತಿರುತ್ತಾಳೆ. ಆಗ ಎಂಜಿನ್ ಆರಿಸಿ ಕೂರಬೇಕು. ದೊಡ್ಡ ಎಂಜಿನ್ನು ಸುಮ್ಮನೆ ನಿಂತು ಗಂಟೆಗೆ ಒಂದು ಲೀಟರಿನ ಸನಿಹ ಕುಡಿಯುತ್ತದೆ, ಕೊಡುವುದು ಶೂನ್ಯ.

ಇಷ್ಟೆಲ್ಲ ಮಾಡಿ, ಟ್ಯಾಂಕ್ ತುಂಬಿಸಿ, ಮತ್ತೆ ತುಂಬಿಸಿ ಅಳೆದು, ಸಾಹೇಬರು ಒಂಬತ್ತನ್ನು ಹದಿನಾಲ್ಕಕ್ಕೆ ತಂದರು. ಡ್ಯಾಶ್‌ಬೋರ್ಡು ಹದಿನೈದು ಎನ್ನುತ್ತದೆ. ಅದು ಮಾಲೀಕನ ಮನಸ್ಸು ನೋಯಿಸುವುದಿಲ್ಲ. ಸಂಭ್ರಮವನ್ನು ಅವರು ಮೊದಲು ಹೇಳಿಕೊಂಡದ್ದು ಹೆಂಡತಿಗೆ. ಆಕೆ ಚಿತ್ತಾಪುರದಲ್ಲಿ ಶಿಕ್ಷಕಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಹಿಡಿದು ಓಡಾಡುವವರು. “ಸೊನ್ನೆ ರೂಪಾಯಿಗೆ ನಂದು ಎಷ್ಟ್ ಕೊಡ್ತದ, ಭಾಗಿಸಿ ಹೇಳ್ರಿ ನೋಡೋಣ” ಎಂದರು ಗಣಿತದ ಟೀಚರು.

ಅಲ್ಲಿ ಸಿಗದ ಮೆಚ್ಚುಗೆಯನ್ನು ಅರಸಿ ಸಾಹೇಬರು ದಾರಿಯ ಧಾಬಾದಲ್ಲಿ ಬಲ್ಕರ್ ಡ್ರೈವರೊಬ್ಬರ ಎದುರು ಕುಳಿತರು. ವಯಸ್ಸಾದ ಮನುಷ್ಯ, ಜೋಳದ ರೊಟ್ಟಿ ಮುರಿಯುತ್ತಿದ್ದರು.

“ನಿಮ್ದು ಎಷ್ಟ್ ಕೊಡ್ತದ ಕಾಕಾ?”

“ಲೋಡ್ ಇದ್ದಾಗ ಮೂರೂವರೆ.”

ಸಾಹೇಬರ ಮುಖ ಅರಳಿತು. “ನಂದು ಹದಿನಾಲ್ಕು.”

ಬಲ್ಕರ್ ಕಾಕಾ ಹೊರಗೆ ನಿಂತ ಟೊಮೆಟೊ ಗಾಡಿಯನ್ನು ಒಮ್ಮೆ ನೋಡಿದರು, ತಮ್ಮ ಲಾರಿಯನ್ನು ಒಮ್ಮೆ ನೋಡಿದರು. “ನಂದು ಮೂವತ್ತು ಟನ್ ಸಿಮೆಂಟ್ ಹೊತ್ಕೊಂಡು ಮೂರೂವರೆ ಕೊಡ್ತದ್ರಿ. ಅಂದ್ರ ಒಂದ್ ಲೀಟರ್‌ನಾಗ ಒಂದ್ ಟನ್ ಮಾಲು ನೂರ್ ಕಿಲೋಮೀಟರ್ ಹೋದಂಗ. ನಿಮ್ದರಾಗ ಏನ್ ಲೋಡ್ ಅದ?”

ಸಾಹೇಬರು ಪ್ರಾಮಾಣಿಕರು. ತಮ್ಮ ತೂಕ ಎಂಬತ್ತು ಕಿಲೋ ಎಂದು ಹೇಳಿ, ಊಟದ ಡಬ್ಬಿಯನ್ನೂ ಅದಕ್ಕೆ ಸೇರಿಸಿದರು.