ನೀರಿನ ಹಂಗಿಲ್ಲದ ಮಹಾರಾಯ

ಹಳೆಯ ಪೋರ್ಷೆ 911 ಇಟ್ಟುಕೊಂಡವರನ್ನು 'ಗಾಡಿ ಹೇಗಿದೆ?' ಅಂತ ಮಾತ್ರ ಕೇಳಬೇಡಿ, ಕಾಫಿ ಆರಿಹೋಗುತ್ತದೆ. 1998ರಲ್ಲಿ ಮುಗಿದ ಆ ಸಂತತಿಯ ಎಂಜಿನ್ನಿಗೆ ನೀರಿನ ಹಂಗಿಲ್ಲ. ಫ್ಯಾನಿನ ಗಾಳಿ, ಹೊಟ್ಟೆ ತುಂಬ ಆಯಿಲ್, ಅಷ್ಟೇ. ಆ ಆಯಿಲ್ ನೋಡುವುದಕ್ಕೂ ಮಡಿ ಬೇರೆ: ಎಂಜಿನ್ ಚೆನ್ನಾಗಿ ಕಾದಿರಬೇಕು, ಓಡುತ್ತಲೇ ಇರಬೇಕು, ಗಾಡಿ ಸಮತಟ್ಟು ನೆಲದಲ್ಲಿ ನಿಂತಿರಬೇಕು, ಆಗ ಕಡ್ಡಿ ಎಳೆಯಬೇಕು. ತಣ್ಣಗಿದ್ದಾಗ ನೋಡಿ 'ಅಯ್ಯೋ, ಕಮ್ಮಿಯಾಗಿದೆ' ಎಂದು ಸುರಿದಿರೋ, ಹೆಚ್ಚಾದದ್ದು ಏರ್ ಫಿಲ್ಟರಿನ ಕಡೆ ನುಗ್ಗಿ ಬೀದಿಗೆಲ್ಲ ಹೊಗೆಯ ಧೂಪ. ನೆಲದ ಮೇಲೆ ಆಯಿಲ್ ತೊಟ್ಟಿಕ್ಕಿದರೆ ಮಾಲೀಕ ನಿಶ್ಚಿಂತ: ಒಳಗೆ ಇನ್ನೂ ಇದೆಯಲ್ಲ! ಚಳಿಗೆ ಹೀಟರ್ ಹಾಕಿದರೆ ಎಕ್ಸಾಸ್ಟ್ ಕೊಳವೆಯ ಶಾಖದ ಜತೆ ಸೋರಿದ ಆಯಿಲಿನ ಪರಿಮಳವೂ ಪುಕ್ಕಟೆ. ಪಕ್ಕದ ಸೀಟಿನವರು ಕೆಮ್ಮುತ್ತಾ ಕಿಟಕಿ ಇಳಿಸುತ್ತಾರೆ. 'ಇಂಥ ಸೌಂಡು ಹೊಸ ಕಾರಲ್ಲಿ ಬರಲ್ಲ ಬಿಡಿ ಸಾರ್' ಎನ್ನುತ್ತಾನೆ ಈತ. ಅವರಿಗೆ ಅದೂ ಕೇಳಿಸುವುದಿಲ್ಲ, ಅಷ್ಟು ಸೌಂಡು.