ಪಲ್ಯ ಇಲ್ಲದ ಫೋನು

ದುಬಾರಿ ಫೋನು ಮಾರುವ ಹುಡುಗರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಅದರಲ್ಲೂ ಕತ್ರಿಗುಪ್ಪೆಯಲ್ಲಿ ಮಾರುವವರನ್ನು ಕಂಡರೆ. ಬೇರೆ ಕಡೆ ಗಿರಾಕಿ ಬಣ್ಣಕ್ಕೆ ಮರುಳಾಗುತ್ತಾನಂತೆ. ನಮ್ಮವನು ನೀರಿನ ಟ್ಯಾಂಕಿನ ಹತ್ತಿರ ಸೊಪ್ಪಿನ ಚೌಕಾಸಿ ಮುಗಿಸಿ, ಅದೇ ಚೀಲ, ಅದೇ ಹುರುಪಿನಲ್ಲಿ ಮೊಬೈಲ್ ಅಂಗಡಿ ಹತ್ತುತ್ತಾನೆ.

2025ರಲ್ಲಿ ಐಫೋನ್ 16ಇ ಬಂದ ಹೊಸತು. ಎದುರು ಮನೆ ರಾಯರಿಗೆ ಮಗಳು ಅಮೆರಿಕದಿಂದ ದುಡ್ಡು ಕಳಿಸಿ, "ಅಪ್ಪಾ, ಒಳ್ಳೇದು ತಗೊಳ್ಳಿ" ಅಂದಿದ್ದಳು. ಜೊತೆಗೆ ನಾನೂ ಹೋದೆ. ಹುಡುಗ ಮೊದಲು 79,900ರ ಐಫೋನ್ 16 ಇಟ್ಟ. ರಾಯರ ಕಣ್ಣು ಆಗಲೇ ಪಕ್ಕದ 59,900ರ 16ಇ ಮೇಲಿತ್ತು.

"ಎರಡರಲ್ಲೂ ಚಿಪ್ ಯಾವುದಪ್ಪಾ?"

"ಎರಡೂ ಎ18 ಸಾರ್." ಪಾಪ, ಸತ್ಯವಂತ.

"ಮತ್ತೆ ಇಪ್ಪತ್ತು ಸಾವಿರ ಯಾತಕ್ಕೆ?"

"ಇದರ ಹಿಂದೆ ಎರಡು ಕ್ಯಾಮೆರಾ ಸಾರ್, ಅದರಲ್ಲಿ ಒಂದೇ. ಅದರಲ್ಲಿ ಮ್ಯಾಗ್‌ಸೇಫೂ ಇಲ್ಲ. ಬೆನ್ನಿಗೆ ಆಯಸ್ಕಾಂತದಲ್ಲಿ ಅಂಟಿಕೊಂಡು ಚಾರ್ಜ್ ಆಗೋದು..."

"ವೈರಿಗೇನಾಗಿದೆ ರೋಗ?"

ವ್ಯಾಪಾರ ಅಲ್ಲಿಗೆ ಮುಗಿಯಿತು. ಮೊಮ್ಮಗನ ಫೋಟೊ ತೆಗೆಯಲು ಒಂದು ಕ್ಯಾಮೆರಾ ಸಾಕು, ಇರುವವನು ಒಬ್ಬನೇ ಮೊಮ್ಮಗ ಎಂದು ದಾರಿಯುದ್ದಕ್ಕೂ ನನಗೂ ವಿವರಿಸಿದರು.

ದರ್ಶಿನಿಯ ಮಾಲೀಕರಿಗೆ ಈ ಸಂಕಟ ಹಳೆಯದು. ಸಾದಾ ದೋಸೆಯ ಜೊತೆ ಪಲ್ಯವನ್ನೂ ಕೊಟ್ಟುಬಿಟ್ಟರೆ ಮಸಾಲೆ ದೋಸೆಯನ್ನು ಯಾರು ಕೇಳುತ್ತಾರೆ? ಫೋನ್ ಕಂಪನಿಗಳ ಬುದ್ಧಿಯೂ ಅಗ್ಗದ ಮಾಡೆಲಿನಲ್ಲಿ ಏನಿಡಬೇಕು ಎಂಬುದಕ್ಕಿಂತ ಏನನ್ನು ತೆಗೆದಿಡಬೇಕು ಎಂಬುದರಲ್ಲೇ ಹೆಚ್ಚು ಖರ್ಚಾಗುತ್ತದೆ. ಕಷ್ಟವೆಂದರೆ, ನಮ್ಮವರು ಪಲ್ಯ ಬೇಡ, ಚಟ್ನಿ ಇನ್ನೊಂದು ಸಲ ಹಾಕಿ ಅನ್ನುವ ಜಾತಿ.

ನನ್ನ ಭಾವಮೈದ ಈ ವಿದ್ಯೆಯಲ್ಲಿ ಪಂಡಿತ. 2018ರಲ್ಲಿ 34,999ರ ಒನ್‌ಪ್ಲಸ್ 6 ಕೊಳ್ಳಲು ದುಡ್ಡು ಕೂಡಿಟ್ಟಿದ್ದ. ಆಗಸ್ಟಿನಲ್ಲಿ ಅದೇ ಸ್ನಾಪ್‌ಡ್ರ್ಯಾಗನ್ 845 ಹೊತ್ತ ಪೋಕೊ ಎಫ್1 ಬಂತು, 20,999ಕ್ಕೆ. ಬೆನ್ನು ಪ್ಲಾಸ್ಟಿಕ್ಕಿನದು. "ಹೇಗೂ ಕವರ್ ಹಾಕ್ತೀವಲ್ಲ ಭಾವ" ಅಂದ. ದೊಡ್ಡ ಕಂಪನಿಗಳ ಬೆವರಿಳಿಸಲೆಂದೇ 2014ರಲ್ಲಿ 21,999ರ ಫೋನು ಹಿಡಿದು ಬಂದಿದ್ದದ್ದು ಇದೇ ಒನ್‌ಪ್ಲಸ್. ಮಾಡಿದ್ದುಣ್ಣೋ ಮಹಾರಾಯ! ಕಡೆಗೆ 2020ರಲ್ಲಿ ಅವರೇ 24,999ರಿಂದ ಶುರುವಾಗುವ ನಾರ್ಡ್ ತಂದರು. ಹೊರಗಿನವನು ಕದಿಯುವ ಗಿರಾಕಿಯನ್ನು ಮನೆಯ ಕಿರಿಮಗನೇ ಕದಿಯಲಿ ಎಂಬ ಲೆಕ್ಕ. ಅದು ದಡ್ಡತನವಲ್ಲ ಅಂತಲೇ ನನ್ನ ಅಭಿಪ್ರಾಯ.

ಐಫೋನಿನವರದು ಇನ್ನೂ ನಾಜೂಕು. ನಮ್ಮ ದೇಶದಲ್ಲಿ ಜೋಡಿಸಿದ ಮೊದಲ ಐಫೋನೇ ಆ ಮನೆಯ ಅಗ್ಗದ ಕೂಸು ಎಸ್‌ಇ. ಜೋಡಿಸಿದ್ದು 2017ರಲ್ಲಿ, ನಮ್ಮ ಪೀಣ್ಯದಲ್ಲಿ, ವಿಸ್ಟ್ರಾನ್ ಕಂಪನಿ. ಅಗ್ಗದ್ದು ದುಬಾರಿಯದರ ಗಿರಾಕಿಯನ್ನು ಎಳೆಯದಂತೆ ಅವರು ಕಂಡುಕೊಂಡ ಉಪಾಯ ರಾಯರಿಗೂ ಹೊಳೆದಿರಲಿಲ್ಲ. ಮೊದಲ ಎಸ್‌ಇ 2016ರಲ್ಲಿ ಇಲ್ಲಿಗೆ ಬಂದಾಗ ಬೆಲೆ 39,000. 2020ರದು 42,500. 2022ರದು 43,900. 16ಇ ಬಂದ ದಿನವೇ ಎಸ್‌ಇಯನ್ನು ಪಟ್ಟಿಯಿಂದ ಕಿತ್ತರು. ಅಂದು ಆ ಮನೆಯಲ್ಲಿ ಅಗ್ಗ ಎನ್ನುವುದು ಶುರುವಾದದ್ದೇ 59,900ಕ್ಕೆ.